ಅಟ್ಟದ ಸಾಮಾನು ಆನ್‌ಲೈನ್‌ಗೆ: ಹುಣಸೆಹಣ್ಣು ಮುಟ್ಟಿಸುವ ಮೊದಲು

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಈ ಬೇಸಿಗೆಯಲ್ಲಿ ಅದನ್ನು ಇಳಿಸಿ ಹೊಸದು ಕಟ್ಟುತ್ತಿದ್ದೇವೆ. ಅಟ್ಟದಿಂದ ತೆಗೆದ ಸಾಮಾನು ಜಗಲಿ ತುಂಬ ಬಿದ್ದಿದೆ. ಹಿತ್ತಾಳೆಯ ಸೇರು, ಪಾವು, ಹತ್ತು ಹನ್ನೆರಡು ಉಪ್ಪಿನಕಾಯಿ ಭರಣಿ, ಒಂದು ವಾಲ್ವ್ ರೇಡಿಯೊ, ಗೋಡೆ ಗಡಿಯಾರ, ಕಪ್ಪು ಡಯಲ್ ಫೋನು, ಗ್ರಾಮಫೋನ್ ಪ್ಲೇಟುಗಳು, ಕಟ್ಟು ಹಾಕಿಸಿದ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟಗಳು, ಒಂದು ಕಟ್ಟು ತಾಳೆಗರಿ, ಜಿಂಕೆ ಕೊಂಬು ಎಲ್ಲ ಇವೆ. ಗುಜರಿಯವರು ಒಟ್ಟಿಗೆ ನಲವತ್ತು ಸಾವಿರ ಕೊಡುತ್ತೇನೆ ಅಂದಿದ್ದಾರೆ. ಆನ್‌ಲೈನ್‌ನಲ್ಲಿ ಹಾಕಿದರೆ ಹೆಚ್ಚು ಬರುತ್ತದೆ ಅಂತ ಮಗಳು ಹೇಳುತ್ತಾಳೆ. ಮೊದಲು ಎಲ್ಲವನ್ನೂ ತೊಳೆದು ಹೊಳಪು ಮಾಡಿ ಫೋಟೋ ತೆಗೆಯೋಣ ಅಂತಿದ್ದೇವೆ. ಮುಂದೇನು ಮಾಡಬೇಕು?

ಉತ್ತರ: ತೊಳೆಯುವ ಕೆಲಸ ಶುರುವಾಗಿದ್ದರೆ ಇವತ್ತೇ ನಿಲ್ಲಿಸಿ. ಹಳೆಯ ಮನೆಸಾಮಾನಿನ ವ್ಯಾಪಾರದಲ್ಲಿ ಹೆಚ್ಚು ನಷ್ಟ ಆಗುವುದು ಇಲ್ಲೇ, ಅದೂ ಒಳ್ಳೆಯ ಮನಸ್ಸಿನಿಂದ. ಸಂಗ್ರಾಹಕರು ದುಡ್ಡು ಕೊಡುವುದು ವಸ್ತುವಿನ ಮೇಲೆ ಉಳಿದಿರುವ ಗುರುತುಗಳಿಗೆ. ಮುದ್ರೆ, ಕೆತ್ತಿದ ಹೆಸರು, ಚೀಟಿ, ಮೂಲ ಸ್ಕ್ರೂ, ವರ್ಷಗಳ ಕಾಲ ಕೈ ಆಡಿ ಬಂದ ಕಂದು ಬಣ್ಣ, ಇವೇ ಅದರ ಸಾಕ್ಷಿ. ಸಾಕ್ಷಿ ಅಳಿಸಿದ ಮೇಲೆ ಉಳಿಯುವುದು ಲೋಹದ ತೂಕ, ಅದಕ್ಕೆ ಗುಜರಿಯವರ ದರವೇ ದರ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಬೆರೆತ ಲೋಹ. ಹುಣಸೆಹಣ್ಣು, ನಿಂಬೆ, ವಿನೆಗರ್ ಹಚ್ಚಿ ಹೊತ್ತು ಬಿಟ್ಟರೆ ಹುಳಿಯು ಮೇಲ್ಪದರದ ಸತುವನ್ನು ಎಳೆದುಕೊಳ್ಳುತ್ತದೆ, ಅಲ್ಲಲ್ಲಿ ತಾಮ್ರದ ಗುಲಾಬಿ ಕಲೆ ಕಾಣಿಸಿಕೊಳ್ಳುತ್ತದೆ. ಹಬ್ಬಕ್ಕೆ ತೊಳೆದು ತಕ್ಷಣ ಒರೆಸುವ ಚೊಂಬಿಗೆ ಇದರಿಂದ ತೊಂದರೆಯಿಲ್ಲ. ಮಾರುವ ಸೇರಿನ ವಿಷಯ ಬೇರೆ. ಕಲೆಯನ್ನು ತೆಗೆಯಲು ಇನ್ನಷ್ಟು ಉಜ್ಜುತ್ತೀರಿ, ಉಜ್ಜಿದಷ್ಟೂ ಮುದ್ರೆಯ ಅಂಚು ಸವೆಯುತ್ತದೆ. ಒಣ ಪೇಂಟ್ ಬ್ರಷ್‌ನಲ್ಲಿ ಧೂಳು ಕೊಡವಿ. ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ನೀರು ತೆಗೆಯಿರಿ. ಹಸಿರು ಕಿಲುಬು ಪುಡಿಪುಡಿಯಾಗಿ ಕಟ್ಟಿದ್ದರೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆಯಿರಿ. ಚಾಕು, ಸ್ಟೀಲ್ ನಾರು ಬೇಡ. ಕೊಂಡವರಿಗೆ ಹೊಳಪು ಬೇಕಿದ್ದರೆ ಅವರೇ ಮಾಡಿಕೊಳ್ಳುತ್ತಾರೆ. ಹೊಳಪು ಮಾಡಿದ್ದನ್ನು ಹಿಂದಕ್ಕೆ ತರಲು ಯಾರಿಂದಲೂ ಆಗದು. ರಾಶಿಯಲ್ಲಿ ಬೀದರಿ ಪಾತ್ರೆ ಸಿಕ್ಕರೆ ಇನ್ನೂ ಜೋಪಾನ. ಅದರ ಕಪ್ಪು ಕೊಳೆಯಲ್ಲ, ಬೆಳ್ಳಿಯ ಕೆಲಸ ಎದ್ದು ಕಾಣಲೆಂದು ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ ಬಣ್ಣ. ಪಾಲಿಶ್ ಹಚ್ಚಿದರೆ ಅದು ಹೋಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಒರೆಸಿದರೆ ಸಾಕು.

ಎರಡನೆಯ ಕೆಲಸ, ಮಾರಬಾರದ್ದನ್ನು ಬೇರೆ ಎತ್ತಿಡುವುದು. ಜಿಂಕೆ ಕೊಂಬಿನ ಫೋಟೋವನ್ನು ಎಲ್ಲಿಯೂ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಬು, ಉಗುರು, ಚರ್ಮ, ಹಲ್ಲು, ದಂತ ಯಾವುದನ್ನೂ ಮಾರುವಂತಿಲ್ಲ. ಅಜ್ಜನ ಕಾಲದ್ದು, ಕಾಡಲ್ಲಿ ಉದುರಿದ್ದನ್ನು ತಂದದ್ದು ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. 2003ರಲ್ಲಿ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು ಸರ್ಕಾರ ಕಾಲಾವಕಾಶ ಕೊಟ್ಟಿತ್ತು. ಆಗ ಪಡೆದ ಮಾಲೀಕತ್ವದ ಪ್ರಮಾಣಪತ್ರ ಮನೆಯ ಕಾಗದಪತ್ರದಲ್ಲಿ ಇದೆಯೇ ಹುಡುಕಿ. ಇದ್ದರೂ ಅದು ಇಟ್ಟುಕೊಳ್ಳುವುದಕ್ಕೆ, ಮಾರುವುದಕ್ಕಲ್ಲ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿ ನೋಡಿ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ವಿಚಾರ ನಮ್ಮ ರಾಜ್ಯದಲ್ಲಿ ಬಂಧನದವರೆಗೆ ಹೋಗಿದ್ದು ನಿಮಗೆ ನೆನಪಿರಬಹುದು. ಅದು ಶುರುವಾದದ್ದೂ ಟಿವಿ ಪರದೆಯ ಮೇಲೆ ಕಂಡ ದೃಶ್ಯದಿಂದಲೇ.

ತಾಳೆಗರಿ ಕಟ್ಟನ್ನು ಬಿಚ್ಚಬೇಡಿ, ಎಣ್ಣೆ ಹಚ್ಚಬೇಡಿ, ಬಿಡಿಬಿಡಿಯಾಗಿ ಮಾರುವ ಯೋಚನೆಯನ್ನಂತೂ ಬಿಟ್ಟುಬಿಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ ಪ್ರಾಚ್ಯವಸ್ತುವೇ. ಇತರ ವಸ್ತುಗಳಿಗೆ ಈ ಮಿತಿ 100 ವರ್ಷ. ನಿಮ್ಮ ಊರಿಗೆ ಕೂಗಳತೆಯಲ್ಲೇ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಅಲ್ಲಿ ತಾಳೆಗರಿಗಳ ಸಂಗ್ರಹವೂ ಇದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೂ ಓದಬಲ್ಲವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಬೆಳಕಿಗೆ ಬಂದದ್ದು ಅಲ್ಲಿಯೇ, ಅದೂ ಹೀಗೆ ಯಾರೋ ತಂದುಕೊಟ್ಟ ಕಟ್ಟಿನಿಂದ. ನಿಮ್ಮ ಕಟ್ಟಿನಲ್ಲಿ ಪಂಚಾಂಗ ಇರಬಹುದು, ಮದ್ದಿನ ವಿವರ ಇರಬಹುದು, ಓದಿಸದೆ ಗೊತ್ತಾಗದು. ಒಮ್ಮೆ ತೋರಿಸಿ.

ನೂರು ವರ್ಷ ದಾಟಿದ ವಸ್ತುಗಳನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಕಲ್ಲು, ಲೋಹದ ವಿಗ್ರಹಗಳಂಥವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಿರಬೇಕು. ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದು ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆಯಿದೆ. ಆದ್ದರಿಂದ ದೇವರ ಕೋಣೆಯ ಮೂರ್ತಿಗಳನ್ನು ಈ ರಾಶಿಗೆ ಸೇರಿಸಲೇಬೇಡಿ. ವಿದೇಶದಿಂದ ಯಾರಾದರೂ ಹೆಚ್ಚಿನ ಬೆಲೆ ಹೇಳಿದರೆ, ಆ ವಸ್ತು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದ ಮೇಲೆ ಮಾತು ಮುಂದುವರಿಸಿ. ಇನ್ನೊಂದು ಕಡೆ ಇದೇ ನಿಯಮ ನಿಮಗೆ ಪಾಠವೂ ಹೌದು. "ನೂರೈವತ್ತು ವರ್ಷ ಹಳೆಯದು" ಎಂದು ಗೊತ್ತಿಲ್ಲದೆ ಬರೆದು ಬೆಲೆ ಏರಿಸಲು ಹೋಗುವವರು ತಮ್ಮ ಕೈಯಾರೆ ಕಾನೂನಿನ ತೊಡಕನ್ನು ಬರೆದುಕೊಳ್ಳುತ್ತಾರೆ.

ಮೂರನೆಯದು ಮನೆಯೊಳಗಿನದು. ಪಟ್ಟಿ ಮಾಡಿ, ಪ್ರತಿ ವಸ್ತುವಿಗೂ ನಂಬರಿನ ಚೀಟಿ ಕಟ್ಟಿ, ಒಂದೊಂದು ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ. ಅತ್ತೆಯಂದಿರು, ಚಿಕ್ಕಪ್ಪಂದಿರು ಬೇಕೆನ್ನುವುದನ್ನು ಹದಿನೈದು ದಿನದೊಳಗೆ ಹೇಳಲಿ. ಅಜ್ಜನ ಸೊತ್ತಿನಲ್ಲಿ ಅವರಿಗೂ ಪಾಲಿದೆ. ಮಾರಿ ಕೊರಿಯರ್ ಹೋದ ಮೇಲೆ "ಆ ಭರಣಿ ನನ್ನಮ್ಮನ ತವರಿನದು" ಎಂಬ ಮಾತು ಬಂದರೆ ಸರಿಪಡಿಸಲಾಗದು.

ಇನ್ನು ವಸ್ತುಗಳನ್ನು ಓದುವ ಕೆಲಸ. ನಿಜವಾದ ದುಡಿಮೆ ಇಲ್ಲಿದೆ, ಆ್ಯಪ್‌ನಲ್ಲಿ ಹಾಕುವುದು ಅರ್ಧ ಗಂಟೆಯ ಮಾತು. ಒಂದು ಹತ್ತು ಪಟ್ಟು ದೊಡ್ಡದು ಮಾಡುವ ಚಿನಿವಾರರ ಭೂತಗನ್ನಡಿ, ಅಯಸ್ಕಾಂತ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೇಪು ಇಟ್ಟುಕೊಳ್ಳಿ.

ಸೇರನ್ನು ಬೋರಲು ಹಾಕಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ತಿರುಗಿಸಿ. ಬುಡದಲ್ಲೋ ಬಾಯಿಯ ಪಟ್ಟಿಯ ಕೆಳಗೋ ಸಣ್ಣ ಮುದ್ರೆಗಳಿದ್ದರೆ ಅವು ಅಳತೆ ಪರಿಶೀಲಿಸಿ ಒತ್ತಿದವು. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದು 1960ರ ದಶಕದ ಮೊದಲ ವರ್ಷಗಳಲ್ಲಿ ಕಡ್ಡಾಯವಾಯಿತು. ಹಾಗಾಗಿ ಸೇರು, ಪಾವಿನ ಲೆಕ್ಕದಲ್ಲಿ ಸರ್ಕಾರಿ ಮುದ್ರೆ ಬಿದ್ದದ್ದು ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಮುದ್ರೆಯೇ ಇಲ್ಲದ ಸೇರು ಇಂದಿಗೂ ತಯಾರಾಗುತ್ತದೆ, ಬರೀ ಆಕಾರ ನೋಡಿ ಕಾಲ ಹೇಳಲಾಗದು. ಹೊಟ್ಟೆಯ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಕನ್ನಡ ಅಕ್ಷರ ಕಾಣಬಹುದು, ಮದುವೆಗೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಇಸವಿ. ಅಕ್ಷರ ಸವೆದಿದ್ದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನ ಮಗ್ಗುಲಿಂದ ಉಜ್ಜಿ, ಹೆಸರು ಕಾಗದದ ಮೇಲೆ ಎದ್ದುಬರುತ್ತದೆ. ಇಸವಿ ಇರುವ ಪಾತ್ರೆ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಆಧಾರ ನಿಮ್ಮ ಬಳಿ ಬೇರೆ ಇರಲಾರದು. ಸೇರು, ಅರ್ಧ ಸೇರು, ಪಾವು ಒಂದೇ ಮನೆಯವು, ಒಂದೇ ಕೈಯ ಕೆಲಸದವು ಆಗಿದ್ದರೆ ಒಡೆದು ಮಾರಬೇಡಿ. ಜೋಡಿಯ ಬೆಲೆ ಬಿಡಿಗಳ ಮೊತ್ತಕ್ಕಿಂತ ಹೆಚ್ಚು.

ವರ್ಷ ಓದುವಾಗ ಒಂದು ಎಚ್ಚರ. ಮನೆ ಇಳಿಸುವಾಗ ಮಂಗಳೂರು ಹೆಂಚು ಸಿಗುತ್ತವೆ, ಕೆಲವುದರ ಮೇಲೆ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂದು ಒತ್ತಿರುತ್ತದೆ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಗಡಿಯಾರ, ಸ್ಟವ್, ಟಿನ್ನುಗಳ ಮೇಲಿನ ಇಸವಿಗೂ ಇದೇ ಮಾತು. ಎಷ್ಟೋ ಸಲ ಅದು ಕಂಪನಿ ಹುಟ್ಟಿದ ವರ್ಷವೋ, ಪೇಟೆಂಟ್ ಪಡೆದ ವರ್ಷವೋ ಆಗಿರುತ್ತದೆ. ಅಂದಹಾಗೆ ಆ ಹೆಂಚುಗಳನ್ನೂ ಎಸೆಯಬೇಡಿ. ಅಚ್ಚು ಚೆನ್ನಾಗಿ ಮೂಡಿದ ಹತ್ತಿಪ್ಪತ್ತನ್ನು ಎತ್ತಿಡಿ.

ರೇಡಿಯೊದ ಬಗ್ಗೆ ಒಂದೇ ಮಾತು ನೆನಪಿಡುವುದಾದರೆ, ಪ್ಲಗ್ ಹಾಕಿ ನೋಡಬೇಡಿ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ಸೆಟ್ಟಿನ ಕೆಪಾಸಿಟರ್‌ಗಳು ಒಣಗಿಯೋ ಸೋರಿಯೋ ಇರುತ್ತವೆ. ಒಮ್ಮೆಲೇ ಕರೆಂಟ್ ಹರಿದರೆ ಅವು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಹೊಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ–ಡಿಸಿ ಸೆಟ್ಟುಗಳಲ್ಲಿ ಒಳಗಿನ ತಗಡಿನ ಚೌಕಟ್ಟಿಗೇ ಕರೆಂಟ್ ಬಂದಿರಬಹುದು, ಮುಟ್ಟಿದರೆ ಜೀವಕ್ಕೆ ಅಪಾಯ. "ಪ್ಲಗ್ ಹಾಕಿ ಪರೀಕ್ಷಿಸಿಲ್ಲ" ಎಂದು ಬರೆಯಿರಿ. ತಿಳಿದ ಕೊಳ್ಳುಗರಿಗೆ ಅದೇ ಹೆಚ್ಚು ಇಷ್ಟ, ಸುಟ್ಟಿಲ್ಲ ಎಂಬ ಭರವಸೆ ಅವರಿಗೆ ಸಿಗುತ್ತದೆ. ಸ್ಟೇಷನ್ನುಗಳ ಹೆಸರಿರುವ ಡಯಲ್ ಗಾಜನ್ನು ಒಳಗಡೆಯಿಂದ ಒರೆಸಬೇಡಿ. ಅಕ್ಷರಗಳನ್ನು ಗಾಜಿನ ಹಿಂಬದಿಗೆ ಅಚ್ಚು ಹಾಕಿರುತ್ತಾರೆ, ಒದ್ದೆ ಬಟ್ಟೆ ಒಂದು ಸಲ ತಾಗಿದರೆ ದೆಹಲಿ, ಸಿಲೋನ್ ಎಲ್ಲ ಬಟ್ಟೆಗೆ ಬಂದುಬಿಡುತ್ತವೆ. ಅಂಥ ಗಾಜು ಹೋದ ಸೆಟ್ಟಿನ ಬೆಲೆ ನೆಲಕಚ್ಚುತ್ತದೆ. ಹಿಂದಿನ ರಟ್ಟನ್ನು ಬಿಚ್ಚಿ ಮಾಡೆಲ್ ನಂಬರ್, ವಾಲ್ವ್‌ಗಳು, ಇಲಿ ಕಡಿದ ವೈರು, ಮರಕ್ಕೆ ಹುಳ ಬಿದ್ದ ತೂತು ಎಲ್ಲವನ್ನೂ ಫೋಟೋ ತೆಗೆಯಿರಿ. ಅಜ್ಜನ ಕಾಗದಗಳಲ್ಲಿ ರೇಡಿಯೊ ಲೈಸೆನ್ಸ್ ಪುಸ್ತಕ ಇದೆಯೇ ನೋಡಿ. 1980ರ ದಶಕದವರೆಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ದುಡ್ಡು ಕಟ್ಟಿ ಅದರಲ್ಲಿ ಸ್ಟಾಂಪ್ ಹಚ್ಚಿಸಬೇಕಿತ್ತು. ಆ ಪುಸ್ತಕದಲ್ಲಿ ಸೆಟ್ಟಿನ ಹೆಸರೂ ಇದ್ದರೆ ಎರಡನ್ನೂ ಸೇರಿಸಿಯೇ ಮಾರಿ.

ಕಪ್ಪು ಫೋನು ಬಹುಶಃ ಬೆಂಗಳೂರಿನ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನದು. 1948ರಲ್ಲಿ ಶುರುವಾದ ಆ ಕಾರ್ಖಾನೆಯ ಫೋನುಗಳೇ ದೇಶದ ತುಂಬ ಹೋದವು. ಎತ್ತಿದರೆ ಭಾರವಾಗಿದ್ದು, ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದಾಗ ಕಾರ್ಬಾಲಿಕ್ ಸಾಬೂನಿನಂಥ ವಾಸನೆ ಬಂದರೆ ಅದು ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್. ಈಗಿನ ನಕಲು ಹಗುರ ಪ್ಲಾಸ್ಟಿಕ್ಕಿನದು. ಡಯಲ್ ನಡುವಿನ ನಂಬರ್ ಚೀಟಿಯನ್ನು ತೆಗೆಯಬೇಡಿ. ಮೂರಂಕಿಯ ಹಳೆಯ ಎಕ್ಸ್‌ಚೇಂಜ್ ನಂಬರ್ ಇದ್ದರೆ ಅದೇ ಅದರ ಆಕರ್ಷಣೆ. ಬಟ್ಟೆ ಸುತ್ತಿದ ವೈರನ್ನು ಬದಲಿಸಲೂ ಬೇಡಿ.

ಗಡಿಯಾರದಲ್ಲಿ ಹೆಸರಿಗಿಂತ ಸ್ಕ್ರೂ ಹೆಚ್ಚು ಸತ್ಯ ಹೇಳುತ್ತದೆ. ಪೇಟೆಯಲ್ಲಿ ಆನ್ಸೋನಿಯಾ ಹೆಸರಿನ ನಕಲುಗಳು ಬಹಳ. ಅಮೆರಿಕದ ಆ ಕಂಪನಿ 1929ರಲ್ಲೇ ಮುಚ್ಚಿತು. ತಲೆಯ ಮೇಲೆ ಕೂಡುಗುರುತಿನ (+) ಗಾಡಿ ಇರುವ ಸ್ಕ್ರೂಗಳು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಆದ್ದರಿಂದ ಅಂಥ ಸ್ಕ್ರೂ ಕಂಡರೆ ಒಂದೋ ಪೂರ್ತಿ ನಕಲು, ಇಲ್ಲವೇ ರಿಪೇರಿ ಆದದ್ದು. ಜಪಾನಿನ ಸೇಕೋಶಾ ಗಡಿಯಾರಗಳು ನಮ್ಮ ಕಡೆ ಸಾಕಷ್ಟು ಬಂದಿದ್ದವು, ಯಂತ್ರದ ಹಿಂದಿನ ತಗಡಿನ ಮೇಲೆ ಮುದ್ರೆ ಹುಡುಕಿ. ಅಟ್ಟದ ಮೂಲೆಯಲ್ಲಿ ಕೀಲಿ ಸಿಕ್ಕೀತು, ಹುಡುಕುವ ಶ್ರಮಕ್ಕೆ ಬೆಲೆಯಿದೆ.

ಗ್ರಾಮಫೋನ್ ಪ್ಲೇಟುಗಳನ್ನು ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. 78 ವೇಗದ ಹಳೆಯ ಪ್ಲೇಟು ಅರಗಿನದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಗೆರೆಗಳೇ ಮಾಸಿಹೋಗುತ್ತವೆ. ಒಣ ಮೆತ್ತನೆಯ ಬ್ರಷ್, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ನೀರು, ಚೀಟಿಗೆ ನೀರು ತಾಗದಂತೆ. ಬೆಳಕಿಗೆ ಓರೆಯಾಗಿ ಹಿಡಿದು ಕೂದಲೆಳೆಯ ಬಿರುಕು ನೋಡಿ. ಚಿತ್ರಗೀತೆಗಳಿಗಿಂತ ಕನ್ನಡದ ರಂಗಗೀತೆ, ಗಮಕ, ದಾಸರ ಪದದ ಹಳೆಯ ಪ್ಲೇಟುಗಳನ್ನು ಹುಡುಕುವವರು ಕಡಿಮೆ, ಆದರೆ ಹಟ ಹಿಡಿದು ಹುಡುಕುತ್ತಾರೆ. ಪ್ರತಿ ಪ್ಲೇಟಿನ ಎರಡೂ ಬದಿಯ ಚೀಟಿ ಓದುವಂತೆ ಫೋಟೋ ತೆಗೆದು, ಹಾಡು, ಹಾಡಿದವರು, ನಂಬರ್ ಬರೆದ ಪಟ್ಟಿ ಮಾಡಿ. "ಹಳೆ ಪ್ಲೇಟು 30" ಎಂದು ಗಂಟು ಹಾಕಿದರೆ ಒಳಗಿನ ಎರಡು ಅಪರೂಪದವು ಗಂಟಿನ ಬೆಲೆಗೇ ಹೋಗುತ್ತವೆ.

ರವಿವರ್ಮನ ಪಟಗಳು ಕೈಯಿಂದ ಬರೆದ ಚಿತ್ರಗಳಲ್ಲ, ಅಚ್ಚಿನವು. ಅವರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಪಟದ ಕೆಳಅಂಚಿನಲ್ಲಿ ಪ್ರೆಸ್ಸಿನ ಹೆಸರು ಇದೆಯೇ ನೋಡಿ. ಆಮೇಲೆ ಭೂತಗನ್ನಡಿಯನ್ನು ಲಕ್ಷ್ಮಿಯ ಕೆನ್ನೆಯ ಮೇಲೆ ಇಡಿ. ಕಲ್ಲಿನ ಮೇಲೆ ಚಿತ್ರ ಬರೆದು ಒತ್ತುತ್ತಿದ್ದ ಹಳೆಯ ಕಲ್ಲಚ್ಚಿನಲ್ಲಿ ಚುಕ್ಕೆಗಳು ಅಂಕುಡೊಂಕಾಗಿ, ಒಂದು ದೊಡ್ಡದು ಒಂದು ಸಣ್ಣದು, ಕೈಯಿಂದ ಇಟ್ಟ ಹಾಗೆ ಚೆದುರಿರುತ್ತವೆ. ಈಚಿನ ಆಫ್‌ಸೆಟ್ ಪ್ರತಿಯಲ್ಲಿ ನಾಲ್ಕು ಬಣ್ಣದ ಸಮಗಾತ್ರದ ಚುಕ್ಕೆಗಳು ಸಣ್ಣ ಸಣ್ಣ ಹೂವಿನ ಹಾಗೆ ಸಾಲಾಗಿ ಕೂತಿರುತ್ತವೆ. ಈ ಒಂದು ನೋಟಕ್ಕೆ ಎರಡು ನಿಮಿಷ ಸಾಕು, ಬೆಲೆಯ ಅಂತರ ಮಾತ್ರ ಬಹಳ. ಕಟ್ಟು ಬಿಚ್ಚಬೇಡಿ, ಕಾಗದ ಹಿಂದಿನ ಹಲಗೆಗೆ ಅಂಟಿರಬಹುದು. ಗಾಜಿಗೆ ನೀರು ಚಿಮುಕಿಸಿದರೆ ಅದು ಕೆಳಗಿಳಿದು ಅಂಚಿನ ಅಕ್ಷರವನ್ನೇ ತಿನ್ನುತ್ತದೆ, ಆದ್ದರಿಂದ ಒಣ ಬಟ್ಟೆ ಸಾಕು. ಸೀರೆಗೆ ಜರಿ, ಮಿಂಚು ಅಂಟಿಸಿದ ಪಟಗಳಿಗೆ ಬೇಡಿಕೆ ಹೆಚ್ಚು, ಕಿತ್ತುಹೋದ ಜರಿಯನ್ನು ಹೊಸದಾಗಿ ಅಂಟಿಸಬೇಡಿ. ನೂರು ವರ್ಷದ ಲೆಕ್ಕ ಇವಕ್ಕೂ ಅನ್ವಯಿಸುತ್ತದೆ, ಆದ್ದರಿಂದ ದೇಶದೊಳಗೇ ಮಾರಿ.

ಭರಣಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ. ಗಣ್ಣೆಂದರೆ ಗಟ್ಟಿ, ಬೊದ್ದೆಂದರೆ ಎಲ್ಲೋ ಬಿರುಕಿದೆ. ಉಪ್ಪಿನಕಾಯಿ ಹಾಕಿದ ಭರಣಿಯ ಬುಡದಲ್ಲಿ ಬಿಳಿ ಪುಡಿ ಏಳುತ್ತಿದ್ದರೆ ಮಣ್ಣಿನೊಳಗೆ ಉಪ್ಪು ಇಳಿದಿದೆ. ಅದು ಹೊರಬರುವಾಗ ಮೇಲಿನ ಹೊಳಪು ಚಕ್ಕೆ ಏಳುತ್ತದೆ. ಬರೀ ನೀರಿನಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಒಂದು ವಾರ ಬಿಟ್ಟು, ನೆರಳಲ್ಲಿ ಪೂರ್ತಿ ಒಣಗಿಸಿ. ತೊಳೆಯಬೇಡಿ ಎಂಬ ಮಾತಿಗೆ ಇದೊಂದೇ ವಿನಾಯಿತಿ.

ಫೋಟೋಗೆ ಜಗಲಿಯ ಬೆಳಗಿನ ಬೆಳಕೇ ಸಾಕು, ನೇರ ಬಿಸಿಲು ಮತ್ತು ಫ್ಲ್ಯಾಶ್ ಬೇಡ. ಹಿಂದೆ ಬಣ್ಣವಿಲ್ಲದ ಒಂದು ಪಂಚೆ ಹಾಸಿ. ಒಂದು ವಸ್ತುವಿಗೆ ಎಂಟರಿಂದ ಹನ್ನೆರಡು ಚಿತ್ರ ಬೇಕು. ನಾಲ್ಕೂ ದಿಕ್ಕು, ಬಾಯಿ, ಬುಡ, ಮುದ್ರೆ, ಪಕ್ಕದಲ್ಲಿ ಸ್ಕೇಲ್ ಇಟ್ಟದ್ದೊಂದು, ಮತ್ತು ಪ್ರತಿಯೊಂದು ದೋಷದ್ದೂ ಒಂದೊಂದು. ದೋಷ ತೋರಿಸಿದರೆ ಮಾರಾಟ ಕೆಡುತ್ತದೆ ಎಂಬ ಭಯ ಬೇಡ. ವಸ್ತು ವಾಪಸ್ ಬಂದು ಎರಡು ಸಲ ಸಾಗಣೆ ವೆಚ್ಚ ತೆತ್ತು, ದಾರಿಯಲ್ಲಿ ಇನ್ನಷ್ಟು ಪೆಟ್ಟಾಗುವುದು ಮುಚ್ಚಿಟ್ಟ ದೋಷದಿಂದ.

ವಿವರಣೆ ಹೀಗಿರಲಿ: "ಹಿತ್ತಾಳೆಯ ಸೇರು, ಅರ್ಧ ಸೇರು, ಪಾವು, ಮೂರರ ಜೋಡಿ. ಸಾಗರ ತಾಲ್ಲೂಕಿನ ಒಂದೇ ಮನೆಯವು. ಸೇರು: ಎತ್ತರ 13 ಸೆಂ.ಮೀ., ಬಾಯಿ 10 ಸೆಂ.ಮೀ., ತೂಕ 780 ಗ್ರಾಂ. ಬುಡದಲ್ಲಿ ಎರಡು ಮುದ್ರೆ, ಐದನೆಯ ಫೋಟೋ ನೋಡಿ. ಪಾವಿನ ಬಾಯಿಗೆ 1 ಸೆಂ.ಮೀ. ಜಜ್ಜು. ಬೆಸುಗೆ, ತೂತು ಇಲ್ಲ. ಪಾಲಿಶ್ ಮಾಡಿಲ್ಲ. ಒಳಗೆ ಕಲಾಯಿ ಇಲ್ಲ, ಹುಳಿ ಪದಾರ್ಥಕ್ಕೆ ಬಳಸಬೇಡಿ." ನಿಮ್ಮ ಅಳತೆ ಹಾಕಿಕೊಳ್ಳಿ. ಶೀರ್ಷಿಕೆಯಲ್ಲಿ ಇಂಗ್ಲಿಷಿನ ಹೆಸರೂ ಇರಲಿ, ಮುಂಬಯಿಯವರು ಸೇರು ಎಂದು ಹುಡುಕಲಾರರು. "ಅಪರೂಪದ", "ರಾಜರ ಕಾಲದ" ಎಂಬ ಪದಗಳನ್ನು ಬಿಡಿ. ತಿಳಿದವರು ಅಂಥ ಜಾಹೀರಾತನ್ನು ತೆರೆಯುವುದೇ ಇಲ್ಲ.

ಬೆಲೆಗೆ ಮೊದಲು ತಳ ಕಟ್ಟಿಕೊಳ್ಳಿ. ಗುಜರಿ ದರ ಕೆಜಿಗೆ 500 ಎಂದಿಟ್ಟುಕೊಂಡರೆ, ಒಂದೂವರೆ ಕೆಜಿಯ ಈ ಜೋಡಿಯ ತಳ 750 ರೂಪಾಯಿ. ಇಂಥದ್ದೇ ಹೊಸ ಪಾತ್ರೆ ಅಂಗಡಿಯಲ್ಲಿ ಎಷ್ಟು ಎಂಬುದು ಎರಡನೆಯ ಮೆಟ್ಟಿಲು. ಮೂರನೆಯದು ಸಂಗ್ರಾಹಕರು ನಿಜವಾಗಿ ಕೊಟ್ಟ ಬೆಲೆ. ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನು ನಂಬಬೇಡಿ, ಐವತ್ತು ಸಾವಿರ ಎಂದು ಬರೆದ ರೇಡಿಯೊ ಎರಡು ವರ್ಷದಿಂದ ಅಲ್ಲೇ ಕೂತಿರಬಹುದು. ಇಬೇ ಎಂಬ ಮಾರಾಟ ತಾಣದಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಸಂಗ್ರಾಹಕರ ಫೇಸ್‌ಬುಕ್ ಗುಂಪುಗಳಲ್ಲಿ ಹಳೆಯ ಪೋಸ್ಟ್ ಓದಬಹುದು. ಮೂರು ವಾರ ನೋಡಿ, ಸರಾಸರಿಗಿಂತ ಸ್ವಲ್ಪ ಮೇಲೆ ನಿಂತು, ಹದಿನೈದು ದಿನವಾದರೂ ಯಾರೂ ಕೇಳದಿದ್ದರೆ ಇಳಿಸಿ. ಗುಜರಿಯವರ ನಲವತ್ತು ಸಾವಿರ ಹೆಚ್ಚೋ ಕಡಿಮೆಯೋ ಎಂಬುದೂ ಆಗಲೇ ಗೊತ್ತಾಗುವುದು.

ಎಲ್ಲಿ ಹಾಕಬೇಕು ಎಂಬುದನ್ನು ತೂಕವೇ ನಿರ್ಧರಿಸುತ್ತದೆ. ಹಂಡೆ, ದೊಡ್ಡ ಭರಣಿ, ಪೆಟ್ಟಿಗೆಗಳನ್ನು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಶಿವಮೊಗ್ಗ, ಬೆಂಗಳೂರಿನವರಿಗೆ ಕಾಣುವಂತೆ ಹಾಕಿ, ಬಂದು ಒಯ್ಯಲಿ. ಹೋಮ್‌ಸ್ಟೇ, ಹೋಟೆಲು ಅಲಂಕರಿಸುವವರು ಇನ್‌ಸ್ಟಾಗ್ರಾಂನಲ್ಲಿ ಹುಡುಕುತ್ತಾರೆ. ರೇಡಿಯೊ, ಪ್ಲೇಟು, ಪಟಗಳಿಗೆ ಆಯಾ ಸಂಗ್ರಾಹಕರ ಗುಂಪೇ ಸರಿ. ಎಟ್ಸಿ ಎಂಬ ವಿದೇಶಿ ಮಾರಾಟ ತಾಣದಲ್ಲಿ 20 ವರ್ಷ ದಾಟಿದ್ದನ್ನು ವಿಂಟೇಜ್ ಎಂದು ಹಾಕಬಹುದು, ಆದರೆ ವಿದೇಶದ ವ್ಯವಹಾರ ಸದ್ಯಕ್ಕೆ ಬೇಡ.

ದುಡ್ಡಿನ ವಿಚಾರಕ್ಕೆ ಬಂದರೆ, ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. "ನಾನು ಸೇನೆಯಲ್ಲಿದ್ದೇನೆ, ಫೋಟೋ ಸಾಕು, ಈಗಲೇ ಮುಂಗಡ ಹಾಕುತ್ತೇನೆ, ಈ ಕೋಡ್ ಒತ್ತಿ" ಎಂಬುದು ಹಳೆಯ ಮೋಸ. ಬಂದ ಎಸ್ಸೆಮ್ಮೆಸ್ ಅಥವಾ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕೊಡಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಜಮೆಯಾದದ್ದನ್ನು ನೋಡಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಾಮ್ರದ ತಂಬಿಗೆ ಕಂಡವರು "ಇದು ಅಕ್ಕಿ ಎಳೆಯುತ್ತದಾ ನೋಡಿ, ಕೋಟಿ ಬರುತ್ತದೆ, ಪರೀಕ್ಷೆಗೆ ಇಷ್ಟು ಕಟ್ಟಿ" ಎಂದರೆ ಮಾತು ಬೆಳೆಸಬೇಡಿ, ಅಕ್ಕಿಕಾಳನ್ನು ಸೆಳೆಯುವ ಪಾತ್ರೆ ಎಂಬುದೇ ಒಂದು ಮೋಸ. ಹಳೆ ನಾಣ್ಯ, ನೋಟುಗಳಿಗೆ ಲಕ್ಷ ಕೊಡುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಮಾರುವವರು ಯಾರಿಗೂ ಮುಂಗಡ ಕಟ್ಟುವ ಪ್ರಮೇಯವೇ ಇಲ್ಲ.

ಸಾಗಣೆಯಲ್ಲಿ ಹೊಸಬರು ತಪ್ಪುವುದು ಲೆಕ್ಕದಲ್ಲಿ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 45, 45, 50ರ ಡಬ್ಬಿಗೆ ಸುಮಾರು 20 ಕೆಜಿ ಆಯಿತು, ಒಳಗಿನ ಭರಣಿ ಎಂಟೇ ಕೆಜಿ ಇದ್ದರೂ ದುಡ್ಡು ಇಪ್ಪತ್ತಕ್ಕೆ. ಬೆಲೆ ಒಪ್ಪುವ ಮೊದಲೇ ಇದನ್ನು ಹೇಳಿ. ಇಂಥವಕ್ಕೆ ಲಾರಿ ಪಾರ್ಸೆಲ್ ಅಥವಾ ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೋ" ಸೇವೆಯನ್ನು ವಿಚಾರಿಸಿ. ಒಡೆಯುವ ಸಾಮಾನಿಗೆ ಎರಡು ಡಬ್ಬಿ ಬೇಕು. ಒಳಗಿನದರಲ್ಲಿ ವಸ್ತು ಅಲುಗದಂತೆ, ಒಳ ಹೊರ ಡಬ್ಬಿಗಳ ನಡುವೆ ಆರೂ ಕಡೆ 5 ಸೆಂ.ಮೀ. ತುಂಬುವಂತೆ. ಹೊರಡಬ್ಬಿ ಐದು ಪದರದ ರಟ್ಟಿನದಿರಲಿ. ವಸ್ತುವಿಗೆ ಮೊದಲು ಬಿಳಿ ಕಾಗದ ಸುತ್ತಿ, ಸುದ್ದಿಪತ್ರಿಕೆಯ ಶಾಯಿ ಬಿಳಿ ಹೊಳಪಿಗೆ ಅಂಟುತ್ತದೆ. ಭರಣಿಯ ಮುಚ್ಚಳ ಬೇರೆ, ಫೋನಿನ ರಿಸೀವರ್ ಬೇರೆ ಸುತ್ತಬೇಕು. ಗಡಿಯಾರದ ಲೋಲಕವನ್ನು ಬಿಚ್ಚದೆ ಕಳಿಸಿದರೆ ಅದು ತೂಗಾಡಿ, ಹಿಡಿದಿರುವ ತೆಳು ಸ್ಪ್ರಿಂಗ್ ಮುರಿಯುತ್ತದೆ. ಪ್ಲೇಟುಗಳನ್ನು ಲಕೋಟೆಯೊಳಗಿಟ್ಟು, ಎರಡೂ ಬದಿ ಗಟ್ಟಿ ರಟ್ಟು ಕೊಟ್ಟು, ಒಂದು ಡಬ್ಬಿಗೆ ಐದಾರಕ್ಕಿಂತ ಹೆಚ್ಚು ಹಾಕಬೇಡಿ. "ಒಡೆಯುವ ವಸ್ತು" ಚೀಟಿಯನ್ನು ನೆಚ್ಚಬೇಡಿ. ಕಟ್ಟಿದ ಡಬ್ಬಿಯನ್ನು ಅಲುಗಿಸಿ ನೋಡಿ, ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಪ್ಯಾಕ್ ಮಾಡುವುದರ ವಿಡಿಯೊ ಇಟ್ಟುಕೊಳ್ಳಿ. ಹಳೆಯ ವಸ್ತುಗಳನ್ನು ವಿಮೆಯಿಂದ ಹೊರಗಿಡುವ ಕೊರಿಯರ್‌ಗಳು ಹಲವು, ಬುಕ್ ಮಾಡುವಾಗಲೇ ಕೇಳಿ.

ತೆರಿಗೆಯ ಮಾತು ಚಿಕ್ಕದು. ಮನೆಯ ಸ್ವಂತ ಬಳಕೆಯ ಸಾಮಾನನ್ನು ಒಮ್ಮೆ ಮಾರುವುದು ವ್ಯಾಪಾರವಲ್ಲ, ಅದರ ಲಾಭಕ್ಕೆ ತೆರಿಗೆಯ ರಿಯಾಯಿತಿಯೂ ಇದೆ. ಆದರೆ ಚಿತ್ರ, ಶಿಲ್ಪ, ಒಡವೆ, ಕಲಾಕೃತಿಗಳಿಗೆ ಆದಾಯ ತೆರಿಗೆಯಲ್ಲಿ ಆ ರಿಯಾಯಿತಿ ಇಲ್ಲ, ಪಟಗಳಿಗೆ ದೊಡ್ಡ ಮೊತ್ತ ಬಂದರೆ ಆಡಿಟರನ್ನು ಕೇಳಿ. ರುಚಿ ಹತ್ತಿ ನೆರೆಮನೆಯವರ ಸಾಮಾನು ಕೊಂಡು ಮಾರಲು ಹೊರಟರೆ ಅದು ವ್ಯಾಪಾರ. ಜಿಎಸ್‌ಟಿ, ಪರವಾನಗಿ ಎಲ್ಲ ಅಲ್ಲಿಂದ ಶುರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದದ್ದು ಗೊತ್ತಿರಬಹುದು. ಯಾವ ವಸ್ತು, ಎಷ್ಟಕ್ಕೆ, ಯಾರಿಗೆ, ಯಾವ ದಿನ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.

ಗುಜರಿಯವರನ್ನು ಬರಿಗೈಯಲ್ಲಿ ಕಳಿಸಬೇಕಿಲ್ಲ. ತಳ ತೂತಾದ ಹಂಡೆ, ಹರಿದ ಕೊಳಗ, ಮುದ್ರೆ ಹೆಸರು ಯಾವುದೂ ಇಲ್ಲದ ಜಜ್ಜಿದ ಚೊಂಬು, ಹಿಂಡಾಲಿಯಂ, ಇವನ್ನು ಕೊಡಿ. ಅದಕ್ಕೂ ಮೊದಲು ಅಯಸ್ಕಾಂತ ಮುಟ್ಟಿಸಿ, ಹಿತ್ತಾಳೆ ಲೇಪದ ಕಬ್ಬಿಣ ಬೇರೆ ಮಾಡಿ. ತಟ್ಟಿದರೆ ಗಂಟೆಯ ಹಾಗೆ ಉದ್ದಕ್ಕೆ ಕೊರೆಯುವ ಸದ್ದು ಕೊಡುವ ಕಂಚಿನ ಬಟ್ಟಲು, ಗಂಗಾಳಗಳನ್ನು ಹಿತ್ತಾಳೆಯ ರಾಶಿಗೆ ಸೇರಿಸಬೇಡಿ. ತವರ ಬೆರೆತ ಕಂಚಿಗೆ ದರ ಹೆಚ್ಚು. ತಾಮ್ರ, ಕಂಚು, ಹಿತ್ತಾಳೆಯನ್ನು ಮನೆಯಲ್ಲೇ ಬೇರೆ ಬೇರೆ ತೂಗಿ ಬರೆದಿಟ್ಟುಕೊಂಡು ಆಮೇಲೆ ಅವರನ್ನು ಕರೆಯಿರಿ.